ಸಂತೆ ದಿನದ ಮೇಜು: ನಮ್ಮ ಪಂಚಾಯಿತಿಯ ಮತದಾರರ ನೋಂದಣಿ ಸೇವೆ

ನಮ್ಮ ಗ್ರಾಮ ಪಂಚಾಯಿತಿ ಕಚೇರಿಯ ಹೊರಜಗಲಿಯಲ್ಲಿ ಒಂದು ಮರದ ಮೇಜಿದೆ. ಸಂತೆ ನಡೆಯುವ ದಿನ ಅದರ ಮೇಲೆ ನಮ್ಮ ಮೂರು ಮತಗಟ್ಟೆಗಳ ಪಟ್ಟಿಯ ಕಟ್ಟು, ಹೊಸ ಹೆಸರು ಸೇರಿಸುವ ನಮೂನೆ 6, ಹೆಸರು ತೆಗೆಸುವ ನಮೂನೆ 7, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಯ ನಮೂನೆ 8ರ ಖಾಲಿ ಅರ್ಜಿಗಳು, ದಾರ ಕಟ್ಟಿದ ಒಂದು ಪೆನ್ನು, ಗಾಳಿಗೆ ಕಾಗದ ಹಾರದಂತೆ ಇಟ್ಟ ಹಂಚಿನ ತುಂಡು ಇರುತ್ತವೆ. ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಎರಡರವರೆಗೆ ಒಬ್ಬರಾದರೂ ಮತಗಟ್ಟೆ ಹಂತದ ಅಧಿಕಾರಿ, ಅಂದರೆ ನಾವೆಲ್ಲ ಬಿಎಲ್‌ಒ ಎಂದು ಕರೆಯುವವರು, ಅಲ್ಲಿ ಕುಳಿತಿರುತ್ತಾರೆ. ಕಳೆದ ಒಂದು ವರ್ಷದಲ್ಲಿ ನಮ್ಮ ಮನೆಯ ಮೂರು ಅರ್ಜಿಗಳೂ ಪಕ್ಕದ ಕಾಫಿ ತೋಟದ ಲೈನ್ ಮನೆಗಳ, ಅಂದರೆ ಕೆಲಸಗಾರರ ಸಾಲುಮನೆಗಳ, ಐದು ಅರ್ಜಿಗಳೂ ಈ ಮೇಜಿನ ಮೂಲಕ ಹೋಗಿವೆ. ಅವುಗಳಲ್ಲಿ ಕೆಲವನ್ನು ಅದಕ್ಕೂ ಮೊದಲು ಪೇಟೆಯ ಖಾಸಗಿ ಸೇವಾ ಕೇಂದ್ರದಲ್ಲಿ, ಇನ್ನು ಕೆಲವನ್ನು ತಾಲ್ಲೂಕು ಕಚೇರಿಯಲ್ಲಿ ಮಾಡಿಸಲು ಹೋಗಿ ಬರಿಗೈಯಲ್ಲಿ ಬಂದಿದ್ದೆವು. ಮೂರೂ ದಾರಿಯನ್ನು ನಡೆದು ನೋಡಿದ ಮೇಲೆ ನನಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹಳ್ಳಿಯಲ್ಲಿರುವವರು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಪಂಚಾಯಿತಿ ಕಚೇರಿಗಿಂತ ಒಳ್ಳೆಯ ಜಾಗ ಇಲ್ಲ. ಆದರೆ ನಮ್ಮಲ್ಲಿ ಈ ಮೇಜು ಇರುವುದು ಸರ್ಕಾರದ ಆದೇಶದಿಂದಲ್ಲ, ಒಬ್ಬ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಕಾಳಜಿಯಿಂದ. ಅವರಿಗೆ ವರ್ಗವಾದರೆ ಮೇಜೂ ಒಳಗೆ ಹೋಗಬಹುದು ಎಂಬ ಭಯ ನಮ್ಮೆಲ್ಲರಿಗೂ ಇದೆ.

ಮೊದಲು ಈ ವ್ಯವಸ್ಥೆ ಯಾರದು ಎಂಬುದನ್ನು ಸ್ಪಷ್ಟಪಡಿಸಬೇಕು, ಏಕೆಂದರೆ ಮೇಜಿನ ಮುಂದೆ ನಿಲ್ಲುವವರಲ್ಲಿ ಅರ್ಧದಷ್ಟು ಜನ ಪಂಚಾಯಿತಿಯೇ ಹೆಸರು ಸೇರಿಸುತ್ತದೆ ಎಂದು ತಿಳಿದಿದ್ದಾರೆ. ಪಟ್ಟಿಯ ಹೊಣೆ ಭಾರತದ ಚುನಾವಣಾ ಆಯೋಗದ್ದು. 1950ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಪ್ರತಿ ವಿಧಾನಸಭಾ ಕ್ಷೇತ್ರಕ್ಕೂ ಒಬ್ಬ ಮತದಾರರ ನೋಂದಣಾಧಿಕಾರಿ ಇರುತ್ತಾರೆ, ಹೆಸರು ಸೇರಿಸುವ ಅಥವಾ ತೆಗೆಯುವ ಆದೇಶ ಮಾಡುವವರು ಅವರೇ, ಮತ್ತು ನಮ್ಮ ಕಡೆ ಸಾಮಾನ್ಯವಾಗಿ ತಹಶೀಲ್ದಾರರು ಅವರಿಗೆ ಸಹಾಯಕರಾಗಿರುತ್ತಾರೆ. ಬಿಎಲ್‌ಒ ಅರ್ಜಿ ಪಡೆದು, ಮನೆಗೆ ಹೋಗಿ ನೋಡಿ, ವರದಿ ಕೊಡುತ್ತಾರೆ. ಆದ್ದರಿಂದ ಪಂಚಾಯಿತಿಯ ಪಾತ್ರ ಜಾಗ ಕೊಡುವುದಕ್ಕೆ, ದಾಖಲೆ ಒದಗಿಸುವುದಕ್ಕೆ ಸೀಮಿತ. ಕೇಳಲು ಸಣ್ಣದೆನಿಸುವ ಈ ಪಾತ್ರದಿಂದ ಎಷ್ಟು ಜನರ ದಿನಗೂಲಿ ಉಳಿಯುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೊದಲ ಅರ್ಜಿ ನನ್ನ ಮಗಳದು. ಆಕೆಗೆ ಜೂನ್ ತಿಂಗಳಲ್ಲಿ ಹದಿನೆಂಟು ತುಂಬಿತು. ಹಿಂದೆ ಜನವರಿ 1 ಒಂದೇ ಅರ್ಹತಾ ದಿನಾಂಕ, ಅಂದರೆ ಹದಿನೆಂಟು ತುಂಬಿದೆಯೇ ಎಂದು ಲೆಕ್ಕ ಹಾಕುವ ದಿನ, ಆಗಿದ್ದುದರಿಂದ, ಫೆಬ್ರುವರಿಯಲ್ಲಿ ಹದಿನೆಂಟು ತುಂಬಿದ ಮಕ್ಕಳೂ ಮುಂದಿನ ವರ್ಷದವರೆಗೆ ಕಾಯಬೇಕಾಗಿತ್ತು. 2021ರ ತಿದ್ದುಪಡಿಯ ನಂತರ ಜನವರಿ 1, ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಎಂದು ನಾಲ್ಕು ದಿನಾಂಕಗಳಾಗಿವೆ, ಮತ್ತು ಈ ಬದಲಾವಣೆ 2022ರ ಆಗಸ್ಟ್ 1ರಿಂದ ಜಾರಿಗೆ ಬಂದಿದೆ. ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಕೊಟ್ಟಿಡಬಹುದು. ಇದು ಬಹಳ ಒಳ್ಳೆಯ ಬದಲಾವಣೆ, ಆದರೆ ನಮ್ಮ ಊರಿನ ಪದವಿಪೂರ್ವ ಕಾಲೇಜಿನ ಮಕ್ಕಳಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರಲಿಲ್ಲ. ನನ್ನ ಮಗಳಿಗೂ ಗೊತ್ತಾದದ್ದು ಮೇಜಿನ ಹಿಂದಿನ ಗೋಡೆಗೆ ಅಂಟಿಸಿದ್ದ ಕೈಬರಹದ ಹಾಳೆಯಿಂದ. ಅದರಲ್ಲಿ ನಾಲ್ಕು ದಿನಾಂಕಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ‘ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಒಂದು ಫೋಟೊ, ಮನೆಯವರ ವೋಟರ್ ಕಾರ್ಡ್ ತನ್ನಿ’ ಎಂದಷ್ಟೇ ಹಾಕಿದ್ದರು. ಸರ್ಕಾರದ ಬಣ್ಣದ ಭಿತ್ತಿಪತ್ರಗಳಿಗಿಂತ ಈ ಎರಡು ಸಾಲು ಹೆಚ್ಚು ಕೆಲಸ ಮಾಡಿದೆ.

ಅರ್ಜಿ ತುಂಬುವಾಗ ನಡೆದ ಒಂದು ಸಂಗತಿಯನ್ನು ಇಲ್ಲಿ ವಿವರವಾಗಿ ಹೇಳಬೇಕು. ನಮೂನೆ 6ರಲ್ಲಿ ಹೆಸರನ್ನು ಇಂಗ್ಲಿಷಿನಲ್ಲಿಯೂ ರಾಜ್ಯದ ಭಾಷೆಯಲ್ಲಿಯೂ ಬರೆಯಬೇಕು. ಮೊಬೈಲಿನಲ್ಲಿ ಇಂಗ್ಲಿಷ್ ಹೆಸರು ಹೊಡೆದ ಕೂಡಲೇ ಕನ್ನಡದ ಹೆಸರು ತಾನಾಗಿ ಮೂಡುತ್ತದೆ, ಮತ್ತು ತಪ್ಪು ಹುಟ್ಟುವುದೂ ಅಲ್ಲಿಯೇ. ಇಂಗ್ಲಿಷಿಗೆ ಳಕಾರ ಲಕಾರ ಎರಡಕ್ಕೂ ಒಂದೇ ಅಕ್ಷರ, ಣಕಾರ ನಕಾರಗಳಿಗೂ ಒಂದೇ. ಪೇಟೆಯ ಸೇವಾ ಕೇಂದ್ರದಲ್ಲಿ ಹಿಂದೊಮ್ಮೆ ತುಂಬಿಸಿದ್ದ ನಮ್ಮ ನೆರೆಮನೆಯ ಅರ್ಜಿಯಲ್ಲಿ ‘ಹಳ್ಳಿ’ ಎಂಬುದು ‘ಹಲ್ಲಿ’ ಆಗಿತ್ತು, ‘ಕಾಳಮ್ಮ’ ‘ಕಲಮ್ಮ’ ಆಗಿದ್ದರು, ಮತ್ತು ಅದೇ ಹೆಸರು ಗುರುತಿನ ಚೀಟಿಗೂ ಅಚ್ಚಾಗಿ ಬಂದಿತ್ತು. ತಿದ್ದಿಸಲು ಅವರು ನಮೂನೆ 8 ಹಿಡಿದು ಮತ್ತೆ ಓಡಾಡಿದರು. ಪಂಚಾಯಿತಿಯ ಮೇಜಿನಲ್ಲಿ ಕುಳಿತಿದ್ದ ಬಿಎಲ್‌ಒ ನಮ್ಮ ಊರಿನ ಅಂಗನವಾಡಿ ಕಾರ್ಯಕರ್ತೆ. ಆಕೆ ಮಗಳ ಹೆಸರನ್ನು, ನನ್ನ ಹೆಸರನ್ನು, ಮನೆಯ ಹೆಸರನ್ನು ಒಂದೊಂದಾಗಿ ಜೋರಾಗಿ ಓದಿ, ‘ಇದರಲ್ಲಿ ಳ ಇರಬೇಕಲ್ಲವೇ’ ಎಂದು ಕೇಳಿ ತಿದ್ದಿದ ಮೇಲೆಯೇ ಮುಂದಕ್ಕೆ ಹೋದರು. ಹೆಸರನ್ನು ದಿನವೂ ಕೂಗಿ ಕರೆಯುವ ಬಾಯಿಗೆ ತಪ್ಪು ತಕ್ಷಣ ಗೊತ್ತಾಗುತ್ತದೆ. ಸ್ಥಳೀಯ ಕಚೇರಿಯಲ್ಲಿ ನೋಂದಣಿ ನಡೆಯಬೇಕು ಎಂದು ನಾನು ವಾದಿಸುವಾಗ ನನ್ನ ಮನಸ್ಸಿನಲ್ಲಿರುವುದು ಈ ದೃಶ್ಯ.

ಫೋಟೊ ತೆಗೆಸಲು ಪೇಟೆಗೆ ಹೋಗಬೇಕಾಗಿಲ್ಲದಂತೆ ಪಂಚಾಯಿತಿಯ ಸುಣ್ಣದ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ಅಲ್ಲಿಯೇ ಫೋಟೊ ತೆಗೆದರು. ನೆಟ್‌ವರ್ಕ್ ಮಾತ್ರ ಕೈಕೊಟ್ಟಿತು. ಅರ್ಜಿ ಆ ದಿನ ಕಾಗದದಲ್ಲಿಯೇ ಉಳಿದು, ಮರುದಿನ ಸಂಜೆ ಬಿಎಲ್‌ಒ ಗುಡ್ಡದ ಮೇಲಿನ ಶಾಲೆಯ ಬಳಿ ಹೋಗಿ ಅಪ್‌ಲೋಡ್ ಮಾಡಿದ ಮೇಲೆ ನಮ್ಮ ಮೊಬೈಲಿಗೆ ಉಲ್ಲೇಖ ಸಂಖ್ಯೆ ಬಂದಿತು. ಇಲ್ಲಿ ನನ್ನದೊಂದು ದೂರು ಇದೆ. ಅರ್ಜಿಯ ಕೆಳತುದಿಯಲ್ಲಿ ಸ್ವೀಕೃತಿ ಚೀಟಿ ಇರುತ್ತದೆ, ಅದನ್ನು ಹರಿದು ಸಹಿ ಹಾಕಿ ಅರ್ಜಿದಾರರಿಗೆ ಕೊಡಬೇಕು. ನಾವು ಕೇಳುವವರೆಗೆ ಅದನ್ನು ಕೊಡಲಿಲ್ಲ, ಕೇಳದ ಅನೇಕರಿಗೆ ಕೊಟ್ಟೂ ಇರಲಿಲ್ಲ. ಅರ್ಜಿ ಕಳೆದುಹೋದರೆ, ಕೊಟ್ಟಿದ್ದಕ್ಕೆ ಆ ಚೀಟಿಯೊಂದೇ ಸಾಕ್ಷಿ. ನೆಟ್‌ವರ್ಕ್ ಇಲ್ಲದ ಊರಿನಲ್ಲಂತೂ ಅದನ್ನು ಕೇಳದೆಯೇ ಕೊಡುವ ಪದ್ಧತಿ ಇರಬೇಕು. ಮಗಳ ಗುರುತಿನ ಚೀಟಿ ಸ್ಪೀಡ್ ಪೋಸ್ಟಿನಲ್ಲಿ, ಹಣವಿಲ್ಲದೆ, ಪಟ್ಟಿಗೆ ಹೆಸರು ಸೇರಿದ ಇಪ್ಪತ್ತಾರನೆಯ ದಿನ ಮನೆಗೆ ಬಂತು. ಹದಿನೈದು ದಿನಗಳೊಳಗೆ ತಲುಪಿಸುವುದಾಗಿ ಆಯೋಗ 2025ರಲ್ಲಿ ಪ್ರಕಟಿಸಿದೆ. ಮಳೆಗಾಲದ ಮಲೆನಾಡಿಗೆ ಇನ್ನು ಹನ್ನೊಂದು ದಿನ ಹೆಚ್ಚಾದದ್ದನ್ನು ನಾನು ದೊಡ್ಡದು ಮಾಡುವುದಿಲ್ಲ.

ಎರಡನೆಯ ಅರ್ಜಿ ತಮ್ಮನ ಹೆಂಡತಿಯದು, ಮತ್ತು ಇದು ಊರಿನ ಅರ್ಧದಷ್ಟು ಮನೆಗಳ ಕಥೆ. ಮದುವೆಯಾಗಿ ಬಂದ ಹೆಣ್ಣುಮಗಳ ಹೆಸರು ತವರಿನ ಪಟ್ಟಿಯಲ್ಲಿಯೇ ಇರುತ್ತದೆ. ಪೇಟೆಯ ಸೇವಾ ಕೇಂದ್ರದವರು ಅದನ್ನು ವಿಚಾರಿಸದೆ ಹೊಸ ಮತದಾರರ ನಮೂನೆ 6 ತುಂಬಿ, ನೂರು ರೂಪಾಯಿ ತೆಗೆದುಕೊಂಡು ಕಳುಹಿಸಿದರು. ಎರಡು ತಿಂಗಳ ನಂತರ ಅರ್ಜಿ ತಿರಸ್ಕೃತವಾಗಿದೆ ಎಂದು ತಿಳಿಯಿತು. ತಿರಸ್ಕಾರ ಸರಿಯಾಗಿಯೇ ಇತ್ತು, ಏಕೆಂದರೆ ಒಬ್ಬರ ಹೆಸರು ಎರಡು ಕಡೆ ಇರುವಂತಿಲ್ಲ, ಮತ್ತು ಬೇರೆಲ್ಲೂ ಹೆಸರಿಲ್ಲ ಎಂದು ತಿಳಿದೂ ಸುಳ್ಳು ಘೋಷಣೆ ಬರೆದುಕೊಟ್ಟರೆ ಕಾಯ್ದೆಯ 31ನೆಯ ಕಲಮಿನಂತೆ ಒಂದು ವರ್ಷದವರೆಗೆ ಶಿಕ್ಷೆಯೂ ಆಗಬಹುದು. ಏನೂ ತಿಳಿಯದ ಹುಡುಗಿಯ ಸಹಿಯನ್ನು ಅಂತಹ ಘೋಷಣೆಯ ಕೆಳಗೆ ಹಾಕಿಸಿದವರ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ. ಇದಕ್ಕೆ ಸರಿಯಾದ ಅರ್ಜಿ ನಮೂನೆ 8. 2022ರಿಂದ ವಾಸಸ್ಥಳದ ಬದಲಾವಣೆ, ತಿದ್ದುಪಡಿ, ಹೊಸ ಚೀಟಿ, ಅಂಗವೈಕಲ್ಯದ ನಮೂದು ಎಲ್ಲವೂ ಅದೊಂದೇ ಅರ್ಜಿಯಲ್ಲಿ ಆಗುತ್ತವೆ. ಬೇರೆ ಕ್ಷೇತ್ರದಿಂದ ಬಂದವರಿಗೂ ಅದೇ ಸಾಕು. ಮೇಜಿನಲ್ಲಿ ಬಿಎಲ್‌ಒ ಕೇಳಿದ ಮೊದಲ ಪ್ರಶ್ನೆಯೇ ‘ತವರು ಯಾವುದು, ಅಲ್ಲಿ ಹೆಸರಿದೆಯಾ’ ಎಂಬುದು. ಹಳೆಯ ಚೀಟಿಯ ಸಂಖ್ಯೆ, ಅಂದರೆ ಮೂರು ಇಂಗ್ಲಿಷ್ ಅಕ್ಷರ ಮತ್ತು ಏಳು ಅಂಕಿಯ ಆ ಗುರುತು, ಹಾಕಿ ನೋಡಿದರೆ ಹೆಸರು ಸಿಕ್ಕಿತು. ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು.

ಮೂರನೆಯದು ನನ್ನ ತಂದೆಯವರ ಹೆಸರನ್ನು ತೆಗೆಸುವ ನಮೂನೆ 7. ಮರಣ ಪ್ರಮಾಣಪತ್ರ ಆದ ಮೇಲೂ ಅವರ ಹೆಸರು ಪಟ್ಟಿಯ ಎರಡು ಪರಿಷ್ಕರಣೆ ಕಳೆದರೂ ಅದರಲ್ಲಿಯೇ ಇತ್ತು. ತೀರಿಹೋದವರ ಹೆಸರನ್ನು ಪಟ್ಟಿಯಲ್ಲಿ ಓದುವಾಗ ಮನೆಯವರಿಗೆ ಆಗುವ ನೋವು ಒಂದು ಕಡೆ. ಆ ಹೆಸರಿನಲ್ಲಿ ಬೇರೆಯವರು ಬಂದು ನಿಲ್ಲಬಹುದೆಂಬ ಅನುಮಾನ ಊರಿನೊಳಗೆ ಹುಟ್ಟಿಸುವ ಮನಸ್ತಾಪ ಇನ್ನೊಂದು ಕಡೆ. ಮರಣ ನೋಂದಣಿಯ ಮಾಹಿತಿಯನ್ನು ವಿದ್ಯುನ್ಮಾನ ರೂಪದಲ್ಲಿ ನೇರವಾಗಿ ಪಡೆಯುವುದಾಗಿ ಆಯೋಗ 2025ರ ಮೇ ತಿಂಗಳಲ್ಲಿ ಹೇಳಿದೆ. ಅದು ಪೂರ್ಣವಾಗಿ ನಡೆದರೆ ಮನೆಯವರು ಅರ್ಜಿ ಹಿಡಿದು ಬರಬೇಕಾಗುವುದಿಲ್ಲ.

ಈ ಮೇಜಿನ ನಿಜವಾದ ಬೆಲೆ ತಿಳಿದದ್ದು ಲೈನ್ ಮನೆಗಳವರ ವಿಷಯದಲ್ಲಿ. ಅಲ್ಲಿರುವ ಐವರೂ ಉತ್ತರ ಕರ್ನಾಟಕದಿಂದ ತೋಟದ ಕೆಲಸಕ್ಕೆ ಬಂದು ಆರೇಳು ವರ್ಷವಾಗಿದೆ. ಮಕ್ಕಳು ಇಲ್ಲಿಯ ಶಾಲೆಯಲ್ಲಿ ಓದುತ್ತಿದ್ದಾರೆ. ಮನೆ ತೋಟದ ಮಾಲೀಕರದು, ಕರೆಂಟು ಬಿಲ್ಲು ಅವರ ಹೆಸರಿನಲ್ಲಿ, ಬಾಡಿಗೆ ಕರಾರು ಎಂಬುದು ಇಲ್ಲವೇ ಇಲ್ಲ, ಆಧಾರ್ ಕಾರ್ಡಿನಲ್ಲಿ ಹಳೆಯ ಊರಿನ ವಿಳಾಸ. ತಾಲ್ಲೂಕು ಕಚೇರಿಯಲ್ಲಿ ಎರಡು ಸಲ ‘ವಿಳಾಸದ ದಾಖಲೆ ತನ್ನಿ’ ಎಂದು ಹಿಂದಕ್ಕೆ ಕಳುಹಿಸಿದ್ದರು. ತಾಲ್ಲೂಕು ಕೇಂದ್ರ ನಮ್ಮಲ್ಲಿಂದ 28 ಕಿಲೋಮೀಟರ್. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನ ಖರ್ಚಿಲ್ಲ ನಿಜ, ಆದರೆ ಹೋದ ದಿನದ ಕೂಲಿ ಹೋದಂತೆಯೇ. ಎರಡು ಸಲ ಎಂದರೆ ಎರಡು ದಿನದ ಕೂಲಿ, ಮತ್ತು ಮೂರನೆಯ ಸಲ ಹೋಗುವ ಮನಸ್ಸು ಯಾರಿಗೂ ಉಳಿದಿರಲಿಲ್ಲ.

ಕಾನೂನು ಅವರ ವಿರುದ್ಧ ಇರಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಮಾತು. ಒಂದು ಜಾಗದಲ್ಲಿ ಸಾಮಾನ್ಯವಾಗಿ ವಾಸವಾಗಿರುವುದೇ ನೋಂದಣಿಗೆ ಆಧಾರ, ಮನೆ ಸ್ವಂತದ್ದೋ ಅಲ್ಲವೋ ಎಂಬುದು ಮುಖ್ಯವಲ್ಲ. ವಾಸದ ದಾಖಲೆಯೇ ಇಲ್ಲದವರ ವಿಷಯದಲ್ಲಿ ಸ್ಥಳಕ್ಕೆ ಹೋಗಿ ಪರಿಶೀಲಿಸಬೇಕು ಎಂದು ನಮೂನೆ 6ರ ಸೂಚನೆಯಲ್ಲಿಯೇ ಇದೆ. ಸೂರಿಲ್ಲದೆ ರಸ್ತೆಬದಿಯಲ್ಲಿ ಮಲಗುವವರ ಬಳಿಗೂ ರಾತ್ರಿ ಹೊತ್ತು ಹೋಗಿ, ಅಲ್ಲಿ ಮಲಗುವುದು ನಿಜವೇ ಎಂದು ನೋಡಿ ಬರೆದುಕೊಳ್ಳಬೇಕು ಎಂಬುದು ಆಯೋಗ ಬಿಎಲ್‌ಒಗಳಿಗೆ ಕೊಟ್ಟಿರುವ ಸೂಚನೆ. ಅಂದರೆ ದಾಖಲೆ ಇಲ್ಲವೆಂದು ಹಿಂದಕ್ಕೆ ಕಳುಹಿಸಬೇಕಾಗಿರಲಿಲ್ಲ, ಬಂದು ನೋಡಬೇಕಾಗಿತ್ತು. ದೂರದ ಕಿಟಕಿಯಲ್ಲಿ ಕುಳಿತವರಿಗೆ ಕಾಗದ ಕೇಳುವುದು ಸುಲಭ, ನಡೆದು ಬಂದು ನೋಡುವುದು ಕಷ್ಟ. ಪಂಚಾಯಿತಿಯ ಮೇಜಿನಲ್ಲಿ ಹಾಗಾಗಲಿಲ್ಲ. ಅಂಗನವಾಡಿ ಕಾರ್ಯಕರ್ತೆಗೆ ಆ ಐದು ಮನೆಯ ಮಕ್ಕಳ ತೂಕ ಎಷ್ಟೆಂಬುದೂ ಗೊತ್ತು. ಆಕೆಯ ದಾಖಲಾತಿ ಪುಸ್ತಕದಲ್ಲಿ ಆರು ವರ್ಷಗಳ ಹಿಂದೆಯೇ ಅವರ ಹೆಸರಿತ್ತು. ಐವರಲ್ಲಿ ಮೂವರ ಹೆಸರು ಹಳೆಯ ಊರಿನ ಪಟ್ಟಿಯಲ್ಲಿ ಸಿಕ್ಕಿದ್ದರಿಂದ ಅವರಿಗೆ ನಮೂನೆ 8, ಉಳಿದ ಇಬ್ಬರು ಎಂದೂ ನೋಂದಾಯಿಸಿರದ ಹೆಂಗಸರಾದ್ದರಿಂದ ಅವರಿಗೆ ನಮೂನೆ 6 ತುಂಬಿಸಿ, ಸ್ಥಳಪರಿಶೀಲನೆಗೆ ಬರುತ್ತೇನೆಂದು ಆಕೆಯೇ ಹೇಳಿದರು. ಅವರಲ್ಲಿ ಒಬ್ಬರಿಗೆ ಐವತ್ತರ ಆಸುಪಾಸಿನ ವಯಸ್ಸು. ಹೆಬ್ಬೆಟ್ಟಿನ ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಆಕೆ, ‘ಇಷ್ಟು ವರ್ಷ ಯಾರೂ ಕೇಳಿರಲಿಲ್ಲ’ ಎಂದರು.

ಹೀಗೆ ಹೇಳುವಾಗ ಬಿಎಲ್‌ಒಗಳ ಹೆಗಲ ಮೇಲಿನ ಭಾರವನ್ನು ಮರೆಯಬಾರದು. ನಮ್ಮ ಮೂರು ಮತಗಟ್ಟೆಗಳಲ್ಲಿ ಎರಡಕ್ಕೆ ಅಂಗನವಾಡಿ ಕಾರ್ಯಕರ್ತೆಯರು, ಒಂದಕ್ಕೆ ಪ್ರಾಥಮಿಕ ಶಾಲೆಯ ಶಿಕ್ಷಕರು ಬಿಎಲ್‌ಒಗಳು. ಮೂವರಿಗೂ ತಮ್ಮ ಮೂಲ ಕೆಲಸ ಹಾಗೆಯೇ ಇದೆ. 2025ರ ಆಗಸ್ಟಿನಲ್ಲಿ ಆಯೋಗ ಬಿಎಲ್‌ಒಗಳ ವಾರ್ಷಿಕ ಗೌರವಧನವನ್ನು 6,000 ರೂಪಾಯಿಯಿಂದ 12,000ಕ್ಕೆ ಏರಿಸಿದ್ದು ಸಂತೋಷದ ಸಂಗತಿ, ಆದರೆ ತಿಂಗಳಿಗೆ ಒಂದು ಸಾವಿರಕ್ಕೆ ಸ್ವಂತ ಮೊಬೈಲು, ಸ್ವಂತ ಡೇಟಾ, ಗುಡ್ಡ ಹತ್ತಿ ಇಳಿಯುವ ಶ್ರಮ ಎಲ್ಲವೂ ಸೇರಿವೆ. ಭಾನುವಾರದ ವಿಶೇಷ ನೋಂದಣಿ ಶಿಬಿರಕ್ಕೆ ಶಾಲೆಯಲ್ಲಿ ನಾವು ಒಮ್ಮೆ ಒಂದೂವರೆ ಗಂಟೆ ಕಾದಾಗ ನನಗೂ ಬೇಸರವಾಗಿತ್ತು. ಬಂದವರು ಬೆಳಿಗ್ಗೆ ಎದ್ದು ಬೇರೊಂದು ಸಮೀಕ್ಷೆ ಮುಗಿಸಿ ಬಂದಿದ್ದರೆಂದು ಆಮೇಲೆ ತಿಳಿಯಿತು. ಪಂಚಾಯಿತಿಯಲ್ಲಿ ಕುಳಿತರೆ ಅವರಿಗೂ ಅನುಕೂಲವಿದೆ. ಕಂಪ್ಯೂಟರ್, ಪ್ರಿಂಟರ್, ಇರುವಷ್ಟಾದರೂ ಇಂಟರ್ನೆಟ್ ಅಲ್ಲಿ ಸಿಗುತ್ತವೆ, ಮತ್ತು ಸಂತೆಗೆ ಬಂದ ಜನ ತಾವಾಗಿ ಬರುವುದರಿಂದ ಮನೆಮನೆ ತಿರುಗುವ ಓಡಾಟ ಕಡಿಮೆಯಾಗುತ್ತದೆ.

ಪಂಚಾಯಿತಿಗೆ ಈ ಕೆಲಸ ತಂದರೆ ರಾಜಕೀಯ ಬೆರೆಯುವುದಿಲ್ಲವೇ ಎಂದು ಊರಿನ ಹಿರಿಯರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಪಂಚಾಯಿತಿ ಚುನಾವಣೆಯ ಪಟ್ಟಿಯನ್ನೂ ವಿಧಾನಸಭೆಯ ಪಟ್ಟಿಯ ಆಧಾರದ ಮೇಲೆಯೇ ಸಿದ್ಧಪಡಿಸುತ್ತಾರೆ, ಮತ್ತು ಬೆರಳೆಣಿಕೆಯ ಮತಗಳಲ್ಲಿ ಗೆಲುವು ತೀರ್ಮಾನವಾಗುವ ಊರುಗಳಲ್ಲಿ ಐದು ಹೆಸರು ಸೇರಿದರೂ ಬಿಟ್ಟರೂ ವ್ಯತ್ಯಾಸವಾಗುತ್ತದೆ. ಆದ್ದರಿಂದಲೇ ನಮ್ಮಲ್ಲಿ ಮೇಜಿನ ಹತ್ತಿರ ಚುನಾಯಿತ ಸದಸ್ಯರು ಅರ್ಜಿಗಳನ್ನು ಮುಟ್ಟಬಾರದು ಎಂಬ ಕಟ್ಟು ಇಟ್ಟುಕೊಂಡಿದ್ದಾರೆ, ಮತ್ತು ನಾನು ನೋಡಿದಷ್ಟು ದಿನ ಅದು ನಡೆದಿದೆ. ಪಕ್ಷಗಳ ಮತಗಟ್ಟೆ ಏಜೆಂಟರು ಅರ್ಜಿ ತಂದುಕೊಡಬಹುದು, ಆದರೆ ದಿನಕ್ಕೆ ಹತ್ತಕ್ಕಿಂತ ಹೆಚ್ಚು ಕೊಡುವಂತಿಲ್ಲ. ಬಂದ ಅರ್ಜಿಗಳ ಪಟ್ಟಿಯನ್ನು ಪ್ರಕಟಿಸಿ, ಆಕ್ಷೇಪಣೆಗೆ ಏಳು ದಿನ ಬಿಟ್ಟ ಮೇಲೆಯೇ ತೀರ್ಮಾನವಾಗಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ಹದಿನೈದು ದಿನದೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ಇಷ್ಟೆಲ್ಲ ಕಾವಲು ಇರುವಾಗ ಸಾರ್ವಜನಿಕರ ಕಣ್ಣೆದುರಿನ ಜಗಲಿಯ ಮೇಜು, ಯಾರೂ ಕಾಣದ ಮೂಲೆಯ ಸೇವಾ ಕೇಂದ್ರಕ್ಕಿಂತ ಹೆಚ್ಚು ಸುರಕ್ಷಿತ ಎಂಬುದು ನನ್ನ ಅಭಿಪ್ರಾಯ. ಒಂದು ಕೊರತೆ ಮಾತ್ರ ಇದೆ. ಬಂದ ಅರ್ಜಿಗಳ ಪಟ್ಟಿ ನಮ್ಮ ಸೂಚನಾ ಫಲಕದಲ್ಲಿ ಸರಿಯಾಗಿ ಬೀಳುವುದಿಲ್ಲ. ಒಂದು ಸಲ ಅಂಟಿಸಿದ್ದರು, ಅದರ ಮೇಲೆ ಮರುದಿನವೇ ನೀರಿನ ಕಂದಾಯದ ನೋಟಿಸು ಬಿತ್ತು. ಏಳು ದಿನ ಎಂದರೆ ಏಳು ದಿನವೂ ಕಾಣುವಂತೆ, ಗಾಜಿನೊಳಗೆ ಇಡಬೇಕು. ಕರಡು ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳುವ ಕ್ರಮ ಪರಿಷ್ಕರಣೆಯ ಸೂಚನೆಗಳಲ್ಲಿದೆ. ನಮ್ಮಲ್ಲಿ ಓದಿದರು, ಆದರೆ ಸಭೆಯ ಕೊನೆಗೆ, ಹೆಂಗಸರೆಲ್ಲ ಹಾಲು ಕರೆಯಲು ಎದ್ದುಹೋದ ಮೇಲೆ.

ಮೊಬೈಲಿನ ದಾರಿಯನ್ನು ನಾನು ತಳ್ಳಿಹಾಕುವುದಿಲ್ಲ. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ಬಾಡಿಗೆ ಮನೆ ಬದಲಿಸಿದಾಗ ಆಯೋಗದ ಜಾಲತಾಣದಲ್ಲಿಯೇ ನಮೂನೆ 8 ತುಂಬಿ ಮುಗಿಸಿದ. 1950 ಎಂಬ ಸಹಾಯವಾಣಿಗೆ ಕರೆ ಮಾಡಿದರೆ ಕನ್ನಡದಲ್ಲಿ ಉತ್ತರವೂ ಸಿಕ್ಕಿತು. ಓದು ಬಲ್ಲವರಿಗೆ, ನೆಟ್‌ವರ್ಕ್ ಇರುವವರಿಗೆ ಅದು ಸಾಕು. ಹಾಸ್ಟೆಲಿನಲ್ಲಿರುವ ಮಕ್ಕಳು ಬೇಕಾದರೆ ಅಲ್ಲಿಯೇ, ಕಾಲೇಜಿನ ಮುಖ್ಯಸ್ಥರ ಪ್ರಮಾಣಪತ್ರದ ಮೇಲೆ ನೋಂದಾಯಿಸಿಕೊಳ್ಳಬಹುದು ಎಂಬುದನ್ನೂ ಹಲವರು ತಿಳಿದಿಲ್ಲ.

ಅಂಕ ಕೊಡುವುದಾದರೆ ನಮ್ಮ ಪಂಚಾಯಿತಿಯ ಮೇಜಿಗೆ ಐದರಲ್ಲಿ ನಾಲ್ಕು. ಸ್ವೀಕೃತಿ ಚೀಟಿಗೆ ಅರ್ಧ, ಸೂಚನಾ ಫಲಕಕ್ಕೆ ಅರ್ಧ ಕಡಿತ. ಒಟ್ಟು ವ್ಯವಸ್ಥೆಗಾದರೆ ಎರಡೂವರೆಗಿಂತ ಹೆಚ್ಚು ಕೊಡಲಾರೆ, ಏಕೆಂದರೆ ಪಕ್ಕದ ಪಂಚಾಯಿತಿಯಲ್ಲಿ ಇಂತಹ ಮೇಜೇ ಇಲ್ಲ, ಅಲ್ಲಿಯವರು ಈಗಲೂ ತಾಲ್ಲೂಕು ಕೇಂದ್ರದ ಬಸ್ಸಿಗೆ ಕಾಯುತ್ತಾರೆ. ಕರ್ನಾಟಕದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿವೆ, ಬಹುಪಾಲು ಎಲ್ಲದರಲ್ಲಿಯೂ ಸರ್ಕಾರಿ ಸೇವೆಗಳನ್ನು ಕೊಡುವ ಬಾಪೂಜಿ ಸೇವಾ ಕೇಂದ್ರ ಇದೆ. ವಾರಕ್ಕೊಂದು ನಿಗದಿತ ದಿನ ಅಲ್ಲಿ ಬಿಎಲ್‌ಒ ಕುಳಿತಿರಬೇಕು ಎಂದು ಒಂದು ಆದೇಶ ಹೊರಟರೆ, ಮನೆ ಕಂದಾಯ ಕಟ್ಟಲು ಬಂದವರನ್ನು ‘ಮನೆಯಲ್ಲಿ ಹದಿನೆಂಟು ತುಂಬಿದವರಿದ್ದಾರಾ, ಸೊಸೆ ಬಂದಿದ್ದಾಳಾ’ ಎಂದು ಒಂದು ಮಾತು ಕೇಳುವ ಪದ್ಧತಿ ಬಂದರೆ, ಈ ಸೇವೆ ಒಬ್ಬ ಅಧಿಕಾರಿಯ ಒಳ್ಳೆಯತನಕ್ಕೆ ಜೋತುಬೀಳಬೇಕಾಗುವುದಿಲ್ಲ. ಹೊಸ ಕಟ್ಟಡವಾಗಲಿ ಹೊಸ ಹುದ್ದೆಯಾಗಲಿ ಇದಕ್ಕೆ ಬೇಕಾಗಿಲ್ಲ.

ಲೈನ್ ಮನೆಗಳ ಐವರಲ್ಲಿ ನಮೂನೆ 8 ಕೊಟ್ಟ ಮೂವರ ಹೆಸರು ಈಗ ನಮ್ಮ ಮತಗಟ್ಟೆಯ ಪಟ್ಟಿಗೆ ಬಂದಿದೆ. ಉಳಿದ ಇಬ್ಬರು ಹೆಂಗಸರ ಅರ್ಜಿಯ ಸ್ಥಳಪರಿಶೀಲನೆ ಆಗಿದೆ, ಆಕ್ಷೇಪಣೆಯ ಏಳು ದಿನಗಳಲ್ಲಿ ನಾಲ್ಕು ಕಳೆದಿವೆ. ಮುಂದಿನ ಸಂತೆಯ ದಿನ ಮೇಜಿಗೆ ಬಂದು ಕೇಳಿ ಎಂದು ಬಿಎಲ್‌ಒ ಹೇಳಿದ್ದಾರೆ.